ನಿಯಂತ್ರಣ ಗೋಪುರವಿಲ್ಲದ ವಿಮಾನ ನಿಲ್ದಾಣಗಳಲ್ಲಿ ಸಣ್ಣ ವಿಮಾನಗಳ ಸುರಕ್ಷತೆ: ಉದ್ಯಮಿಗಳು ಅರಿಯಬೇಕಾದ ಸಂಗತಿಗಳು

ಪಶ್ಚಿಮ ಬೆಂಗಳೂರಿನ ನಂದಿನಿ ಲೇಔಟ್ ಒಂದು ಕಡೆ ಪೀಣ್ಯ ಕೈಗಾರಿಕಾ ಪ್ರದೇಶಕ್ಕೂ ಇನ್ನೊಂದು ಕಡೆ ಯಶವಂತಪುರದ ಸಗಟು ಮಾರುಕಟ್ಟೆಗೂ ಸಮೀಪವಾಗಿರುವ ಬಡಾವಣೆ. ಬೆಳಗಿನ ವೇಳೆಯಲ್ಲಿ ಇಲ್ಲಿನ ಒಳರಸ್ತೆಗಳಲ್ಲಿ ಲೇತ್ ಕೆಲಸ ಮುಗಿದ ಬಿಡಿಭಾಗಗಳನ್ನು ಹೊತ್ತ ಟೆಂಪೋಗಳು, ಸರಕು ಆಟೋಗಳು, ಶಾಲಾ ವಾಹನಗಳು ಹಾಗೂ ದ್ವಿಚಕ್ರ ವಾಹನಗಳು ಒಂದೇ ಅಡ್ಡರಸ್ತೆಯಲ್ಲಿ ಸಂಧಿಸುತ್ತವೆ. ಎಲ್ಲ ಅಡ್ಡರಸ್ತೆಗಳಲ್ಲಿಯೂ ಸಿಗ್ನಲ್ ದೀಪವಾಗಲಿ ಸಂಚಾರ ಪೊಲೀಸರಾಗಲಿ ಇರುವುದಿಲ್ಲ. ಆದರೂ ವ್ಯವಹಾರ ನಿಲ್ಲುವುದಿಲ್ಲ. ಚಾಲಕರು ವೇಗವನ್ನು ತಗ್ಗಿಸುತ್ತಾರೆ, ಹಾರ್ನ್ ಮಾಡುತ್ತಾರೆ, ಎದುರಿನವನ ಮುಖ ನೋಡುತ್ತಾರೆ. ಸಂದೇಹ ಬಂದರೆ ಬ್ರೇಕ್ ಹಾಕಿ ನಿಲ್ಲುತ್ತಾರೆ.

ಆಕಾಶದಲ್ಲಿ ಈ ಕೊನೆಯ ಅನುಕೂಲ ಇಲ್ಲ. ಹಾರುತ್ತಿರುವ ವಿಮಾನ ಒಂದೆಡೆ ನಿಂತು ದಾರಿ ಬಿಡಲಾರದು. ಜಗತ್ತಿನ ಬಹುಪಾಲು ಸಣ್ಣ ವಿಮಾನ ನಿಲ್ದಾಣಗಳಲ್ಲಿ ಇಳಿಯಲು ಅಥವಾ ಏರಲು ಅಪ್ಪಣೆ ಕೊಡುವ ನಿಯಂತ್ರಣಾಧಿಕಾರಿಯೇ ಇರುವುದಿಲ್ಲ. ಅಮೆರಿಕದಲ್ಲಿ ಸಾರ್ವಜನಿಕ ಬಳಕೆಗೆ ತೆರೆದಿರುವ ಸುಮಾರು 5,000 ನಿಲ್ದಾಣಗಳ ಪೈಕಿ ನಿಯಂತ್ರಣ ಗೋಪುರವಿರುವುದು ಸುಮಾರು 500ಕ್ಕೆ ಮಾತ್ರ. ಉಳಿದೆಡೆ ಪೈಲಟ್‌ಗಳೇ ಪರಸ್ಪರ ಹೊಂದಾಣಿಕೆಯಿಂದ ವಿಮಾನಗಳನ್ನು ಇಳಿಸಿ ಏರಿಸುತ್ತಾರೆ. ಬಹುತೇಕ ದಿನಗಳಲ್ಲಿ ಇದು ಸುಸೂತ್ರವಾಗಿ ನಡೆಯುತ್ತದೆ. ನಡೆಯದ ದಿನ ಪ್ರಾಣಹಾನಿಯಾಗುತ್ತದೆ.

ಕರ್ನಾಟಕದ ಉದ್ಯಮಿಗಳಿಗೆ ಈ ವಿಷಯವೇಕೆ?

ರಾಜ್ಯದ ವಾಯುಸಂಪರ್ಕ ಈಚಿನ ವರ್ಷಗಳಲ್ಲಿ ರಾಜಧಾನಿಯ ಆಚೆಗೆ ಹರಡಿದೆ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿಯೂ ಶಿವಮೊಗ್ಗ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿಯೂ ಉದ್ಘಾಟನೆಗೊಂಡವು. ವೇಳಾಪಟ್ಟಿಯಂತೆ ಪ್ರಯಾಣಿಕ ವಿಮಾನಗಳು ಬಂದುಹೋಗುವ ಇಂತಹ ನಿಲ್ದಾಣಗಳಲ್ಲಿ ಸಂಚಾರ ನಿಯಂತ್ರಣದ ವ್ಯವಸ್ಥೆ ಇರುತ್ತದೆ. ಇವುಗಳ ಜೊತೆಗೆ ಗಣಿ ಮತ್ತು ಕಾರ್ಖಾನೆಗಳಿಗೆ ಹೊಂದಿಕೊಂಡ ಖಾಸಗಿ ಏರ್‌ಸ್ಟ್ರಿಪ್‌ಗಳೂ ರಾಜ್ಯದಲ್ಲಿವೆ. ಕೊಪ್ಪಳದ ಬಳಿಯ ಬಲ್ದೋಟ ಸಮೂಹದ ಏರ್‌ಸ್ಟ್ರಿಪ್ ಇದಕ್ಕೆ ಉದಾಹರಣೆ. ಚಿಕ್ಕಮಗಳೂರಿನಂತಹ ಜಿಲ್ಲೆಗಳಲ್ಲಿ ಸಣ್ಣ ವಿಮಾನಗಳಿಗಾಗಿ ಏರ್‌ಸ್ಟ್ರಿಪ್ ನಿರ್ಮಿಸುವ ಪ್ರಸ್ತಾಪವೂ ಬಹುಕಾಲದಿಂದ ಇದೆ. ದಿನಕ್ಕೆ ಒಂದೆರಡು ವಿಮಾನಗಳು ಬರುವ ಕಡೆ ಪೂರ್ಣಾವಧಿಯ ನಿಯಂತ್ರಣಾಧಿಕಾರಿಗಳನ್ನು ನೇಮಿಸುವುದು ಆರ್ಥಿಕವಾಗಿ ಸುಲಭವಲ್ಲ.

ಇನ್ನೊಂದು ಕಾರಣ ಮನೆಗೇ ಸಂಬಂಧಿಸಿದ್ದು. ವ್ಯಾಪಾರಸ್ಥರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮಕ್ಕಳಲ್ಲಿ ಅನೇಕರು ಪೈಲಟ್ ತರಬೇತಿಗೆ ಸೇರುತ್ತಿದ್ದಾರೆ. ವಿಮಾನ ನಿಲ್ದಾಣಗಳ ಪ್ರಾಧಿಕಾರವು 2021ರಲ್ಲಿ ತರಬೇತಿ ಸಂಸ್ಥೆಗಳಿಗಾಗಿ ಆಯ್ದ ದೇಶದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಸೇರಿದ್ದವು. ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 200 ಗಂಟೆಗಳ ಹಾರಾಟ ಅವಶ್ಯಕ. ಈ ಗಂಟೆಗಳಲ್ಲಿ ದೊಡ್ಡ ಪಾಲು ಒಂದೇ ರನ್‌ವೇಯ ಸುತ್ತ, ತನ್ನಂತೆಯೇ ಕಲಿಯುತ್ತಿರುವ ಇತರರ ನಡುವೆ ಕಳೆಯುತ್ತದೆ. ಸಾಲ ಮಾಡಿ ಶುಲ್ಕ ತುಂಬುವ ತಂದೆತಾಯಿಗಳು ಈ ಪರಿಸರದ ಅಪಾಯವನ್ನೂ ಅದನ್ನು ತಡೆಯುವ ಶಿಸ್ತನ್ನೂ ಸ್ಥೂಲವಾಗಿಯಾದರೂ ತಿಳಿದಿರುವುದು ಲೇಸು.

ಒಂದು ವಾರದ ಅಂತರದಲ್ಲಿ ಎರಡು ದುರಂತಗಳು

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಅರೇಬಿಯಾದ ಬೋಯಿಂಗ್ 747 ಹಾಗೂ ಕಜಕಸ್ತಾನದ ಇಲ್ಯೂಷಿನ್ ವಿಮಾನಗಳು ಡಿಕ್ಕಿಯಾಗಿ 349 ಜನರು ಮೃತರಾದರು. ಅಲ್ಲಿ ದೆಹಲಿಯ ನಿಯಂತ್ರಣಾಧಿಕಾರಿ ಎರಡೂ ವಿಮಾನಗಳಿಗೆ ಬೇರೆ ಬೇರೆ ಎತ್ತರಗಳನ್ನು ಗೊತ್ತುಪಡಿಸಿದ್ದರು. ಕಜಕ್ ವಿಮಾನವು ತನಗೆ ನಿಗದಿಯಾಗಿದ್ದ 15,000 ಅಡಿಗಿಂತ ಕೆಳಗಿಳಿದಿತ್ತು. ಈ ಘಟನೆಯ ಬಳಿಕ ಭಾರತದಲ್ಲಿ ದೊಡ್ಡ ವಿಮಾನಗಳಿಗೆ ಡಿಕ್ಕಿ ಮುನ್ನೆಚ್ಚರಿಕೆ ಉಪಕರಣವನ್ನು ಕಡ್ಡಾಯಗೊಳಿಸಲಾಯಿತು.

ಸರಿಯಾಗಿ ಒಂದು ವಾರದ ನಂತರ, ನವೆಂಬರ್ 19ರ ಸಂಜೆ, ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿ ಎಂಬ ಸಣ್ಣ ಪಟ್ಟಣದಲ್ಲಿ ಇನ್ನೊಂದು ಡಿಕ್ಕಿ ಸಂಭವಿಸಿತು. ಅಲ್ಲಿ ನಿಯಂತ್ರಣ ಗೋಪುರ ಇರಲಿಲ್ಲ. ಶಿಕಾಗೋದಿಂದ ಹೊರಟು ಮತ್ತೊಂದು ಊರಿನ ಮೂಲಕ ಬಂದ 12 ಜನರಿದ್ದ ಬೀಚ್ 1900 ವಿಮಾನ ಒಂದು ರನ್‌ವೇಯಲ್ಲಿ ಇಳಿಯುತ್ತಿತ್ತು. ಅದನ್ನು ಅಡ್ಡಹಾಯುವ ಮತ್ತೊಂದು ರನ್‌ವೇಯ ತುದಿಯಲ್ಲಿ ಇಬ್ಬರಿದ್ದ ಕಿಂಗ್ ಏರ್ ವಿಮಾನ ಹಾರಲು ನಿಂತಿತ್ತು. ಅದರ ಹಿಂದೆ ಚೆರೋಕಿ ಎಂಬ ಚಿಕ್ಕ ವಿಮಾನ ತನ್ನ ಸರದಿಗಾಗಿ ಕಾದಿತ್ತು.

ಇಳಿಯುತ್ತಿದ್ದ ವಿಮಾನದವರು ತಾವು ಬರುತ್ತಿರುವುದನ್ನು ರೇಡಿಯೋದಲ್ಲಿ ಹಲವು ಬಾರಿ ತಿಳಿಸಿದರು. ಕೊನೆಗೆ, ರನ್‌ವೇಯ ತುದಿಯಲ್ಲಿರುವ ವಿಮಾನ ಕಾಯುವುದೇ ಅಥವಾ ಹಾರುವುದೇ ಎಂದು ನೇರವಾಗಿಯೇ ಕೇಳಿದರು. ಉತ್ತರ ಬಂದದ್ದು ಕಿಂಗ್ ಏರ್‌ನಿಂದಲ್ಲ, ಹಿಂದಿದ್ದ ಚೆರೋಕಿಯಿಂದ. ಆ ಉತ್ತರದ ಒಂದು ಭಾಗ ಬೀಚ್ ವಿಮಾನದೊಳಗಿನ ಎತ್ತರ ಸೂಚಕ ಯಂತ್ರದ ಧ್ವನಿಯಲ್ಲಿ ಮುಚ್ಚಿಹೋಯಿತು. ಇಳಿಯುತ್ತಿದ್ದವರು ಅದನ್ನು ಕಿಂಗ್ ಏರ್ ಕೊಟ್ಟ ಭರವಸೆ ಎಂದೇ ತಿಳಿದರು. ಕಿಂಗ್ ಏರ್ ಏನನ್ನೂ ಹೇಳದೆ ಓಟ ಆರಂಭಿಸಿತು. ಎರಡೂ ವಿಮಾನಗಳು ರನ್‌ವೇಗಳು ಕೂಡುವಲ್ಲಿ ಡಿಕ್ಕಿಯಾದವು. ಬೀಚ್ ವಿಮಾನದಲ್ಲಿದ್ದವರು ಡಿಕ್ಕಿಯಿಂದ ಬದುಕುಳಿದಿದ್ದರೂ ಬಾಗಿಲು ತೆರೆಯಲಾಗದೆ ಹೊಗೆ ಮತ್ತು ಬೆಂಕಿಗೆ ಬಲಿಯಾದರು. ಎರಡೂ ವಿಮಾನಗಳ 14 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಕಿಂಗ್ ಏರ್‌ನ ಪೈಲಟ್‌ಗಳು ಸಾಮಾನ್ಯ ರೇಡಿಯೋ ತರಂಗವನ್ನು ಸರಿಯಾಗಿ ಆಲಿಸದಿದ್ದುದು ಅಥವಾ ಸುತ್ತಲೂ ಸರಿಯಾಗಿ ಗಮನಿಸದಿದ್ದುದು ಈ ದುರಂತಕ್ಕೆ ಕಾರಣವೆಂದು ತನಿಖೆಯು ತೀರ್ಮಾನಿಸಿತು. ಚೆರೋಕಿಯಿಂದ ಬಂದ ಅರೆಬರೆ ಉತ್ತರವನ್ನು ಪೂರಕ ಕಾರಣವೆಂದು ಪರಿಗಣಿಸಿತು. ಗೋಪುರವಿಲ್ಲದ ನಿಲ್ದಾಣದ ಸುರಕ್ಷತೆಯ ಪಾಠವೆಲ್ಲ ಇದರಲ್ಲಿ ಅಡಗಿದೆ. ಹೇಳಬೇಕು, ಆಲಿಸಬೇಕು, ನೋಡಬೇಕು. ಉತ್ತರ ಕೊಟ್ಟವರು ಯಾರೆಂಬುದನ್ನು ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು.

ಸರ್ಕ್ಯೂಟ್: ಎಲ್ಲರಿಗೂ ಒಂದೇ ದಾರಿ

ಗೋಪುರವಿಲ್ಲದ ನಿಲ್ದಾಣಕ್ಕೆ ಬರುವ ವಿಮಾನಗಳು ತಮಗೆ ತೋಚಿದ ದಿಕ್ಕಿನಿಂದ ಇಳಿಯುವುದಿಲ್ಲ. ರನ್‌ವೇಯ ಒಂದು ಮಗ್ಗುಲಲ್ಲಿ, ನೆಲದಿಂದ ಸಾಮಾನ್ಯವಾಗಿ ಸುಮಾರು 1,000 ಅಡಿ ಎತ್ತರದಲ್ಲಿ, ಆಯತಾಕಾರದ ಒಂದು ಪಥವನ್ನು ಅನುಸರಿಸುತ್ತವೆ. ಇದಕ್ಕೆ ಸರ್ಕ್ಯೂಟ್ ಎನ್ನುತ್ತಾರೆ. ಬೇರೆ ಸೂಚನೆ ಇಲ್ಲದಿದ್ದರೆ ಎಲ್ಲ ತಿರುವುಗಳೂ ಎಡಕ್ಕೆ. ರನ್‌ವೇಗೆ ಸಮಾನಾಂತರವಾಗಿ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಸಾಗುವ ಭಾಗ ಡೌನ್‌ವಿಂಡ್. ಅಲ್ಲಿಂದ ಅಡ್ಡವಾಗಿ ತಿರುಗಿದ ಭಾಗ ಬೇಸ್. ರನ್‌ವೇಗೆ ನೇರವಾಗಿ ಬರುವ ಕೊನೆಯ ಭಾಗ ಫೈನಲ್.

ಯಾವ ದಿಕ್ಕಿನಿಂದ ಇಳಿಯಬೇಕೆಂಬುದನ್ನು ಗಾಳಿ ನಿರ್ಧರಿಸುತ್ತದೆ. ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತವೆ ಮತ್ತು ಏರುತ್ತವೆ. ಆದ್ದರಿಂದ ನಿಲ್ದಾಣದಲ್ಲಿ ಗಾಳಿಯ ದಿಕ್ಕು ತೋರುವ ಬಟ್ಟೆಯ ಚೀಲ, ಅಂದರೆ ವಿಂಡ್‌ಸಾಕ್, ಸ್ಪಷ್ಟವಾಗಿ ಕಾಣುವಂತಿರಬೇಕು. ಅದು ಹರಿದಿದ್ದರೆ ಅಥವಾ ಗಿಡಮರಗಳ ಮರೆಯಲ್ಲಿದ್ದರೆ ಇಬ್ಬರು ಪೈಲಟ್‌ಗಳು ಒಂದೇ ರನ್‌ವೇಯ ಎರಡು ತುದಿಗಳನ್ನು ಆರಿಸಿಕೊಳ್ಳುವ ಸಂಭವವಿದೆ.

ಸರ್ಕ್ಯೂಟಿನ ಪ್ರಯೋಜನ ಸರಳವಾದುದು. ಎಲ್ಲರೂ ಒಂದೇ ಪಥದಲ್ಲಿದ್ದರೆ ಇತರ ವಿಮಾನಗಳನ್ನು ಎಲ್ಲಿ ಹುಡುಕಬೇಕೆಂಬುದು ಮೊದಲೇ ತಿಳಿದಿರುತ್ತದೆ.

ದಾರಿ ಬಿಡುವ ಬಗೆಗೂ ಅಂತರರಾಷ್ಟ್ರೀಯ ನಿಯಮಗಳಿವೆ. ಎರಡು ವಿಮಾನಗಳು ಎದುರುಬದುರಾದಾಗ ಎರಡೂ ಬಲಕ್ಕೆ ತಿರುಗಬೇಕು. ನಮ್ಮ ರಸ್ತೆಯ ಎಡಬದಿಯ ಅಭ್ಯಾಸ ಇಲ್ಲಿ ಸಲ್ಲದು. ಅಡ್ಡವಾಗಿ ಸಂಧಿಸುವಾಗ ತನ್ನ ಬಲಗಡೆ ಕಾಣುವ ವಿಮಾನಕ್ಕೆ ದಾರಿ ಬಿಡಬೇಕು. ಇಳಿಯಲು ಬರುತ್ತಿರುವ ಎರಡು ವಿಮಾನಗಳ ಪೈಕಿ ಕೆಳಗಿರುವುದಕ್ಕೆ ಆದ್ಯತೆ. ಆದರೆ ಈ ನಿಯಮವನ್ನೇ ನೆಪಮಾಡಿಕೊಂಡು ಇನ್ನೊಬ್ಬರ ಮುಂದೆ ನುಗ್ಗುವಂತಿಲ್ಲ.

ರೇಡಿಯೋ: ಸಣ್ಣ ಮಾತು, ದೊಡ್ಡ ರಕ್ಷಣೆ

ಇಂತಹ ನಿಲ್ದಾಣಕ್ಕೆ ಒಂದು ಸಾಮಾನ್ಯ ರೇಡಿಯೋ ತರಂಗಾಂತರ ಗೊತ್ತುಪಡಿಸಲಾಗಿರುತ್ತದೆ. ಅಮೆರಿಕದ ಪದ್ಧತಿಯಂತೆ ಪೈಲಟ್ ಸುಮಾರು 10 ನಾಟಿಕಲ್ ಮೈಲಿ, ಎಂದರೆ ಹದಿನೆಂಟು ಕಿಲೋಮೀಟರ್ ದೂರದಿಂದಲೇ ತನ್ನ ಬರವನ್ನು ತಿಳಿಸುತ್ತಾನೆ. ನಂತರ ಡೌನ್‌ವಿಂಡ್, ಬೇಸ್, ಫೈನಲ್‌ಗಳನ್ನು ಪ್ರವೇಶಿಸುವಾಗ, ಕೊನೆಗೆ ರನ್‌ವೇಯನ್ನು ತೆರವು ಮಾಡಿದಾಗ ಹೇಳುತ್ತಾನೆ. ಪ್ರತಿ ಸಂದೇಶದಲ್ಲಿ ನಿಲ್ದಾಣದ ಹೆಸರು, ವಿಮಾನದ ಗುರುತು, ತಾನಿರುವ ಸ್ಥಳ, ಎತ್ತರ ಮತ್ತು ಉದ್ದೇಶ ಇರುತ್ತವೆ. ನಿಲ್ದಾಣದ ಹೆಸರನ್ನು ಕೊನೆಯಲ್ಲಿ ಮತ್ತೊಮ್ಮೆ ಹೇಳಲಾಗುತ್ತದೆ. ಏಕೆಂದರೆ ಒಂದೇ ತರಂಗಾಂತರವನ್ನು ಹಲವು ನಿಲ್ದಾಣಗಳು ಹಂಚಿಕೊಂಡಿರಬಹುದು.

ರೇಡಿಯೋಗೂ ಮಿತಿಗಳಿವೆ. ಇಬ್ಬರು ಏಕಕಾಲಕ್ಕೆ ಮಾತನಾಡಿದರೆ ಇಬ್ಬರ ಮಾತೂ ಕೇಳುವುದಿಲ್ಲ. ಒಬ್ಬನ ಉಪಕರಣ ಕೆಟ್ಟಿರಬಹುದು, ಅಥವಾ ಅವನು ತಪ್ಪು ತರಂಗಾಂತರದಲ್ಲಿರಬಹುದು. ಆದ್ದರಿಂದ ಯಾರ ಧ್ವನಿಯೂ ಕೇಳದಿದ್ದ ಮಾತ್ರಕ್ಕೆ ಆಕಾಶ ಖಾಲಿಯಾಗಿದೆ ಎಂದು ಭಾವಿಸುವುದು ಅಪಾಯಕರ.

ಕಣ್ಣಿನ ಮಿತಿ

ಕೊನೆಯ ರಕ್ಷಣೆ ಪೈಲಟ್‌ನ ಕಣ್ಣು. ಆದರೆ ಅದರ ಸಾಮರ್ಥ್ಯವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಗಂಟೆಗೆ 185 ಕಿಲೋಮೀಟರ್ ವೇಗದ ಎರಡು ಸಣ್ಣ ವಿಮಾನಗಳು ಎದುರುಬದುರಾಗಿ ಬಂದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ 100 ಮೀಟರ್‌ಗಿಂತ ಹೆಚ್ಚಾಗಿ ಕರಗುತ್ತದೆ. ಇನ್ನೊಂದು ವಿಮಾನವನ್ನು ಕಂಡು, ಗುರುತಿಸಿ, ಅಪಾಯವನ್ನು ಅರಿತು, ನಿರ್ಧರಿಸಿ, ತಿರುಗಿಸಿ, ವಿಮಾನ ತಿರುಗುವಷ್ಟರಲ್ಲಿ ಒಟ್ಟು ಸುಮಾರು 12.5 ಸೆಕೆಂಡುಗಳು ಬೇಕೆಂದು ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗದರ್ಶಿ ಹೇಳುತ್ತದೆ. ಅಂದರೆ ಸುಮಾರು 1,300 ಮೀಟರ್ ದೂರದಲ್ಲಿಯೇ ಎದುರಿನ ವಿಮಾನ ಕಾಣಬೇಕು. ಆ ದೂರದಲ್ಲಿ 11 ಮೀಟರ್ ರೆಕ್ಕೆಯ ಸೆಸ್ನಾ 172 ವಿಮಾನದ ಅಗಲ ಹುಣ್ಣಿಮೆಯ ಚಂದ್ರನ ಅಗಲದಷ್ಟೇ. ಅದೂ ಎದುರಿನಿಂದ ನೋಡಿದರೆ ಒಂದು ತೆಳುವಾದ ಗೆರೆ.

ಇದಕ್ಕಿಂತ ಕಠಿಣವಾದ ಸಂಗತಿ ಇನ್ನೊಂದಿದೆ. ತಮ್ಮ ತಮ್ಮ ದಿಕ್ಕು ಮತ್ತು ವೇಗವನ್ನು ಬದಲಿಸದೆ ನೇರವಾಗಿ ಡಿಕ್ಕಿಯ ಹಾದಿಯಲ್ಲಿ ಬರುತ್ತಿರುವ ವಿಮಾನವು ಗಾಜಿನ ಮೇಲೆ ಸರಿದಾಡುವುದಿಲ್ಲ; ಒಂದೇ ಸ್ಥಳದಲ್ಲಿ ನಿಂತ ಚುಕ್ಕೆಯಂತೆ ಕಾಣುತ್ತದೆ. ಮನುಷ್ಯನ ಕಣ್ಣು ಚಲಿಸುವುದನ್ನು ಬೇಗ ಗುರುತಿಸುತ್ತದೆ, ಚಲಿಸದುದನ್ನು ಬಿಟ್ಟುಬಿಡುತ್ತದೆ. ಇನ್ನು ಸೆಸ್ನಾದಂತಹ ವಿಮಾನಗಳಲ್ಲಿ ರೆಕ್ಕೆ ತಲೆಯ ಮೇಲಿರುವುದರಿಂದ ಮೇಲಿನದು ಕಾಣುವುದಿಲ್ಲ. ಪೈಪರ್ ಚೆರೋಕಿಯಂತಹವುಗಳಲ್ಲಿ ರೆಕ್ಕೆ ಕೆಳಗಿರುವುದರಿಂದ ಕೆಳಗಿನದು ಕಾಣುವುದಿಲ್ಲ. ಮೊದಲನೆಯದರ ಮೇಲೆ ಎರಡನೆಯದು ಇಳಿಯುತ್ತಾ ಬಂದರೆ ಇಬ್ಬರಿಗೂ ಇನ್ನೊಬ್ಬರ ಅರಿವಾಗದು. ಒಬ್ಬರ ಹಿಂದೊಬ್ಬರು ಸರ್ಕ್ಯೂಟಿನಲ್ಲಿ ಸಾಗುವ ಶಿಸ್ತು ಇಂತಹ ಸಂದರ್ಭವನ್ನು ತಪ್ಪಿಸಲೆಂದೇ ಇದೆ.

ಅವಸರದ ಬೆಲೆ

2022ರ ಆಗಸ್ಟ್ 18ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಎಂಬ ಗೋಪುರವಿಲ್ಲದ ನಿಲ್ದಾಣದಲ್ಲಿ ಏಕ ಎಂಜಿನ್‌ನ ಚಿಕ್ಕ ಸೆಸ್ನಾ 152 ವಿಮಾನ ಸರ್ಕ್ಯೂಟಿನಲ್ಲಿತ್ತು. ಎರಡು ಎಂಜಿನ್‌ಗಳ ಸೆಸ್ನಾ 340 ವಿಮಾನವು ಸರ್ಕ್ಯೂಟನ್ನು ಸೇರದೆ ದೂರದಿಂದ ನೇರವಾಗಿ ರನ್‌ವೇಗೆ ಬಂದಿತು. ಅದು ರೇಡಿಯೋದಲ್ಲಿ ತನ್ನ ಬರವನ್ನು ತಿಳಿಸಿತ್ತು. ಆದರೆ ಅದರ ವೇಗ ಆ ಹಂತದಲ್ಲಿ ಇರಬೇಕಾದುದಕ್ಕಿಂತ ಬಹಳ ಹೆಚ್ಚಾಗಿತ್ತು. ಹಿಂದಿನಿಂದ ವೇಗವಾಗಿ ಬರುತ್ತಿರುವ ವಿಮಾನವನ್ನು ಗಮನಿಸಿದ ಚಿಕ್ಕ ವಿಮಾನದ ಪೈಲಟ್ ಇಳಿಯುವುದನ್ನು ಕೈಬಿಡುವುದಾಗಿ ಹೇಳಿದ ಕ್ಷಣಗಳಲ್ಲೇ ಡಿಕ್ಕಿಯಾಯಿತು. ಮೂವರು ಮೃತರಾದರು.

ನೇರವಾಗಿ ಇಳಿಯಲು ಬರುವುದು ನಿಷಿದ್ಧವಲ್ಲ. ಆದರೆ ಸರ್ಕ್ಯೂಟಿನಲ್ಲಿರುವವರಿಗೆ ಅಡಚಣೆಯಾಗದಂತೆ ಬರುವುದು ಹಾಗೆ ಬರುವವನ ಹೊಣೆ. ಸರ್ಕ್ಯೂಟ್ ಸೇರಿ ಬರಲು ತಗಲುವ ಹೆಚ್ಚುವರಿ ಕಾಲ ಕೆಲವೇ ನಿಮಿಷಗಳು.

ಉಪಕರಣಗಳ ನೆರವು

ಕನ್ನಡಿಗರಿಗೆ ಪರಿಚಿತವಾದ ಹೆಸರಿನ ಊರೊಂದು ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದಲ್ಲಿದೆ. ಅದರ ಹೆಸರೂ ಮ್ಯಾಂಗಲೋರ್. ಅಲ್ಲಿನ ಗೋಪುರವಿಲ್ಲದ ನಿಲ್ದಾಣದ ಸಮೀಪ 2020ರ ಫೆಬ್ರವರಿ 19ರಂದು ತರಬೇತಿಯಲ್ಲಿದ್ದ ಎರಡು ವಿಮಾನಗಳು ಡಿಕ್ಕಿಯಾಗಿ ನಾಲ್ವರು ಮೃತರಾದರು. ಒಂದು ಆಗಷ್ಟೇ ಅಲ್ಲಿಂದ ಮೇಲೇರಿತ್ತು, ಇನ್ನೊಂದು ಅಲ್ಲಿಗೆ ಬರುತ್ತಿತ್ತು. ದೂರದ ಕೇಂದ್ರದ ನಿಯಂತ್ರಣಾಧಿಕಾರಿ ಎರಡಕ್ಕೂ ಪರಸ್ಪರರ ಇರುವಿಕೆಯನ್ನು ತಿಳಿಸಿದ್ದರು. ಬೇರ್ಪಡಿಸಿಕೊಳ್ಳುವ ಹೊಣೆ ಪೈಲಟ್‌ಗಳದಾಗಿತ್ತು. ತಮ್ಮ ಸ್ಥಾನವನ್ನು ಪ್ರಸಾರ ಮಾಡುವ ಎಡಿಎಸ್-ಬಿ ಉಪಕರಣ ಎರಡರಲ್ಲಿಯೂ ಇದ್ದರೂ, ಇತರರ ಪ್ರಸಾರವನ್ನು ಗ್ರಹಿಸಿ ಪರದೆಯ ಮೇಲೆ ತೋರಿಸುವ ಸಾಧನ ಇರಲಿಲ್ಲ. ಅದಿದ್ದರೆ ಪೈಲಟ್‌ಗಳಿಗೆ ಇನ್ನಷ್ಟು ಮುಂಚಿತವಾಗಿ ನಿಖರ ಮಾಹಿತಿ ದೊರೆಯುತ್ತಿತ್ತೆಂದು ತನಿಖಾ ಸಂಸ್ಥೆ ಅಭಿಪ್ರಾಯಪಟ್ಟಿತು. 2022ರಲ್ಲಿ ಆಸ್ಟ್ರೇಲಿಯ ಸರ್ಕಾರವು ಸಣ್ಣ ವಿಮಾನಗಳಿಗೆ ಇಂತಹ ಉಪಕರಣ ಅಳವಡಿಸಲು ಸಹಾಯಧನ ಯೋಜನೆಯನ್ನು ಜಾರಿಗೆ ತಂದಿತು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಹಾಗೂ ನಿಖರ ಯಂತ್ರಭಾಗಗಳ ತಯಾರಕರಿಗೆ ಇದರಲ್ಲಿ ಅವಕಾಶವೂ ಇದೆ. ಆದರೆ ವಿಮಾನದೊಳಗೆ ಅಳವಡಿಸುವ ಯಾವುದೇ ಸಾಧನಕ್ಕೆ ವಿಧಿವತ್ತಾದ ಪ್ರಮಾಣೀಕರಣ ಅವಶ್ಯಕ. ಅದಕ್ಕೆ ತಗಲುವ ಕಾಲ ಮತ್ತು ಬಂಡವಾಳವನ್ನು ಮೊದಲೇ ಅಂದಾಜು ಮಾಡಿಕೊಳ್ಳಬೇಕು. ವಿಂಡ್‌ಸಾಕ್, ರನ್‌ವೇ ಗುರುತುಗಳು, ಬೇಲಿ, ದೀಪಗಳಂತಹ ನೆಲದ ಸಲಕರಣೆಗಳು ಸಣ್ಣ ತಯಾರಕರ ಕೈಗೆ ಇದಕ್ಕಿಂತ ಸಮೀಪದಲ್ಲಿವೆ.

ಬೆಂಗಳೂರಿನ ಆಕಾಶ

ನಂದಿನಿ ಲೇಔಟ್‌ನಿಂದ ನೇರ ಅಳತೆಯಲ್ಲಿ ಸುಮಾರು 10 ಕಿಲೋಮೀಟರ್ ದೂರದಲ್ಲಿ ಜಕ್ಕೂರು ವಿಮಾನಾಂಗಣವಿದೆ. ಮೈಸೂರು ಅರಸರ ಕಾಲದ ಕೊಡುಗೆಯಾದ ಈ ನೆಲದಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಅದರ ಉತ್ತರಕ್ಕೆ ಯಲಹಂಕದ ವಾಯುಪಡೆ ನೆಲೆ, ಅದರಾಚೆ 2008ರಲ್ಲಿ ಆರಂಭವಾದ ದೇವನಹಳ್ಳಿಯ ಅಂತರರಾಷ್ಟ್ರೀಯ ನಿಲ್ದಾಣ, ಆಗ್ನೇಯಕ್ಕೆ ಎಚ್‌ಎಎಲ್ ನಿಲ್ದಾಣ. ಹೀಗಾಗಿ ಜಕ್ಕೂರಿನ ಸಣ್ಣ ವಿಮಾನಗಳು ದೂರದ ಏರ್‌ಸ್ಟ್ರಿಪ್‌ಗಳಂತೆ ಒಂಟಿಯಲ್ಲ. ಸುತ್ತಲಿನ ನಿಯಂತ್ರಿತ ವಾಯುಪ್ರದೇಶದೊಡನೆ ಹೊಂದಾಣಿಕೆ ಮಾಡಿಕೊಂಡೇ ಹಾರಬೇಕು.

ನಿಯಂತ್ರಣ ಗೋಪುರವೊಂದಿದ್ದರೆ ಎಲ್ಲವೂ ಸುರಕ್ಷಿತ ಎಂಬ ಭಾವನೆಯೂ ಸರಿಯಲ್ಲ. 2022ರ ಜನವರಿ 7ರ ಬೆಳಿಗ್ಗೆ ದೇವನಹಳ್ಳಿಯ ನಿಲ್ದಾಣದಲ್ಲಿ ಎರಡು ಸಮಾನಾಂತರ ರನ್‌ವೇಗಳಿಂದ ಎರಡು ಪ್ರಯಾಣಿಕ ವಿಮಾನಗಳು ಒಂದೇ ವೇಳೆಗೆ ಮೇಲೇರಿ ಪರಸ್ಪರ ಸಮೀಪಿಸಿದವು. ಒಂದೇ ರನ್‌ವೇ ಬಳಸುವ ನಿರ್ಧಾರ ಎರಡನೆಯ ಗೋಪುರಕ್ಕೆ ತಲುಪಿರಲಿಲ್ಲ. ರೇಡಾರ್ ನಿಯಂತ್ರಣಾಧಿಕಾರಿ ಸಕಾಲದಲ್ಲಿ ಕಂಡು ಎರಡನ್ನೂ ಬೇರೆ ದಿಕ್ಕಿಗೆ ತಿರುಗಿಸಿದುದರಿಂದ ಅನಾಹುತ ತಪ್ಪಿತು. ಕ್ವಿನ್ಸಿಯಲ್ಲಿ ಮಾತು ಸರಿಯಾಗಿ ಮುಟ್ಟಲಿಲ್ಲ, ಇಲ್ಲಿಯೂ ಮುಟ್ಟಲಿಲ್ಲ. ವ್ಯತ್ಯಾಸವಿಷ್ಟೇ: ಇಲ್ಲಿ ತಪ್ಪನ್ನು ಗಮನಿಸಲು ಇನ್ನೊಂದು ಜೋಡಿ ಕಣ್ಣುಗಳಿದ್ದವು. ಗೋಪುರವಿಲ್ಲದ ನಿಲ್ದಾಣದಲ್ಲಿ ಆ ಇನ್ನೊಂದು ಜೋಡಿ ಕಣ್ಣುಗಳನ್ನು ಪೈಲಟ್‌ಗಳೇ ಪರಸ್ಪರರಿಗೆ ಒದಗಿಸಬೇಕು.

ಉದ್ಯಮಿಗಳು ಗಮನಿಸಬೇಕಾದುವು

ಮೊದಲನೆಯದಾಗಿ, ಮಕ್ಕಳನ್ನು ತರಬೇತಿಗೆ ಸೇರಿಸುವವರು ಶುಲ್ಕ ಮತ್ತು ಅವಧಿಯ ಜೊತೆಗೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಒಂದೇ ವೇಳೆಗೆ ಸರ್ಕ್ಯೂಟಿನಲ್ಲಿ ಎಷ್ಟು ವಿಮಾನಗಳಿಗೆ ಅವಕಾಶವಿದೆ? ರೇಡಿಯೋದಲ್ಲಿ ಸಂಚಾರ ಮಾಹಿತಿ ಕೊಡುವವರು ಯಾರು? ವಿಮಾನಗಳಲ್ಲಿ ಇತರ ವಿಮಾನಗಳನ್ನು ತೋರಿಸುವ ಉಪಕರಣಗಳಿವೆಯೇ? ವಿದ್ಯಾರ್ಥಿಯು ತನ್ನ ತಪ್ಪನ್ನು ಶಿಕ್ಷೆಯ ಭಯವಿಲ್ಲದೆ ವರದಿ ಮಾಡಬಹುದೇ? ಸ್ಪಷ್ಟ ಉತ್ತರ ದೊರೆಯದ ಕಡೆ ಎರಡು ಬಾರಿ ಯೋಚಿಸಬೇಕು.

ಎರಡನೆಯದಾಗಿ, ಬಾಡಿಗೆ ವಿಮಾನದಲ್ಲಿ ಪ್ರಯಾಣಿಸುವ ಉದ್ಯಮಿಗಳು ಪೈಲಟ್‌ನನ್ನು ಅವಸರಪಡಿಸಬಾರದು. ಸಭೆಗೆ ತಡವಾಗುತ್ತಿದೆ, ನೇರವಾಗಿಯೇ ಇಳಿಸಿ ಎಂಬ ಒಂದು ಮಾತು, ಹಣ ಕೊಡುವ ಗ್ರಾಹಕನ ಬಾಯಿಂದ ಬಂದಾಗ, ಪೈಲಟ್‌ನ ವಿವೇಚನೆಯ ಮೇಲೆ ದೊಡ್ಡ ಭಾರವಾಗುತ್ತದೆ. ಇಳಿಯುವ ಹೊತ್ತಿನಲ್ಲಿ ಅವನೊಡನೆ ಸಂಭಾಷಣೆಗೂ ತೊಡಗಬಾರದು. ಇನ್ನೊಂದು ವಿಮಾನ ಕಂಡರೆ ಮಾತ್ರ ತಕ್ಷಣ ತಿಳಿಸಬೇಕು.

ಮೂರನೆಯದಾಗಿ, ಕಾರ್ಖಾನೆಯ ಏರ್‌ಸ್ಟ್ರಿಪ್‌ಗಳನ್ನು ನೋಡಿಕೊಳ್ಳುವವರು ವಿಂಡ್‌ಸಾಕ್, ಗುರುತುಗಳು ಹಾಗೂ ರೇಡಿಯೋ ಸುಸ್ಥಿತಿಯಲ್ಲಿರುವಂತೆಯೂ, ರನ್‌ವೇಯ ಮೇಲೆ ವಾಹನ ಮತ್ತು ಜಾನುವಾರುಗಳು ಬಾರದಂತೆಯೂ ಎಚ್ಚರವಹಿಸಬೇಕು. ಬರಲಿರುವ ವಿಮಾನಗಳಿಗೆ ಅದೇ ವೇಳೆಗೆ ಬರುವ ಇತರ ವಿಮಾನಗಳ ವಿವರವನ್ನು ಮೊದಲೇ ತಿಳಿಸುವುದು ಖರ್ಚಿಲ್ಲದ ಕೆಲಸ.

ನಾಲ್ಕನೆಯದಾಗಿ, ಕಾರ್ಖಾನೆಯ ಚಿತ್ರೀಕರಣಕ್ಕೋ ಸಮಾರಂಭಕ್ಕೋ ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳಂತೆ ಪ್ರಕಟಿಸಲಾದ ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆಯನ್ನು ಮೊದಲು ನೋಡಬೇಕು. ಹಲವು ವಿಮಾನಾಂಗಣಗಳಿರುವ ನಗರದಲ್ಲಿ ಇದು ಸಣ್ಣ ಜವಾಬ್ದಾರಿಯಲ್ಲ.

ನಿಯಂತ್ರಣ ಗೋಪುರ ಕಟ್ಟಲು ಕೋಟಿಗಟ್ಟಲೆ ಹಣ ಬೇಕು. ಗೊತ್ತಾದ ಪಥದಲ್ಲಿ ಬರುವುದಕ್ಕೂ ತಾನಿರುವ ಸ್ಥಳ ತಿಳಿಸುವುದಕ್ಕೂ ಉತ್ತರ ಬಂದುದು ಯಾರಿಂದ ಎಂದು ಕೇಳಿ ತಿಳಿಯುವುದಕ್ಕೂ ಹಣ ಬೇಕಿಲ್ಲ. ರಾಜ್ಯದ ಜಿಲ್ಲೆ ಜಿಲ್ಲೆಗಳಿಗೆ ಸಣ್ಣ ವಿಮಾನಗಳು ಬರುವ ದಿನಗಳಲ್ಲಿ ಈ ಶಿಸ್ತು ರನ್‌ವೇಯ ಜೊತೆಯಲ್ಲಿಯೇ ಸಿದ್ಧವಾಗಬೇಕು. ಅದನ್ನು ಪಾಲಿಸುವವರು ಪೈಲಟ್‌ಗಳಾದರೂ, ಅದಕ್ಕೆ ಬೇಕಾದ ಕೆಲವು ನಿಮಿಷಗಳ ತಾಳ್ಮೆಯನ್ನು ಕೊಡಬೇಕಾದವರು ಅವರ ಹಿಂದಿನ ಆಸನದಲ್ಲಿ ಕುಳಿತ ಉದ್ಯಮಿಗಳು.